ಒಬ್ಬರ ನೆಲ, ಇನ್ನೊಬ್ಬರ ಸೂರು

ಗೃಹಸ್ಥನ ಮನೆಯಲ್ಲಿ ಅವನ ಅರಿವಿಗೆ ಬಾರದೆಯೇ ಹಿಂಸೆ ನಡೆದುಹೋಗುವ ಐದು ತಾಣಗಳನ್ನು ನಮ್ಮ ಧರ್ಮಶಾಸ್ತ್ರಕಾರರು ಎಣಿಸಿ ಹೇಳಿದ್ದಾರೆ: ಒಲೆ, ಬೀಸುವ ಕಲ್ಲು, ಕಸಬರಿಗೆ, ಒರಳು ಮತ್ತು ನೀರಿನ ಕೊಡ. ಇವುಗಳಿಗೆ ಪಂಚಸೂನೆಗಳೆಂದು ಹೆಸರು, ಸೂನೆಯೆಂದರೆ ವಧಾಸ್ಥಾನ. ಒಲೆಯ ಉರಿಯಲ್ಲಿ ಹುಳು ಬೇಯುತ್ತದೆ, ಕಸಬರಿಗೆಯ ಕೆಳಗೆ ಇರುವೆ ಸಾಯುತ್ತದೆ ಎಂಬುದು ಯಾರಿಗಾದರೂ ತಿಳಿಯುವ ಮಾತು. ನೀರಿನ ಕೊಡವನ್ನೇಕೆ ಈ ಸಾಲಿಗೆ ಸೇರಿಸಿದರೆಂದು ಮೊದಲ ಸಲ ಓದಿದವರಿಗೆ ಬೆರಗಾಗುವುದುಂಟು. ನೀರು ಶುದ್ಧಿಯ ಸಾಧನ; ಕೊಡವೋ ಮಂಗಳದ ಸಂಕೇತ. ಆದರೂ ಆ ಕೊಡದೊಳಗೆ, ಕೊಡವನ್ನಿಟ್ಟ ತೇವದ ಜಾಗದಲ್ಲಿ, ನಮ್ಮ ಕಣ್ಣಿಗೆ ಬೀಳದ ಜೀವಿಗಳು ನಮ್ಮ ಅನುಕೂಲಕ್ಕಾಗಿ ನೋಯುತ್ತವೆಂಬುದನ್ನು ಅವರು ಮರೆಯಲಿಲ್ಲ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಕೊಡವನ್ನು ಎಸೆದುಬಿಡೆಂದು ಶಾಸ್ತ್ರ ಹೇಳಲಿಲ್ಲ. ನೀನು ಪಾಪಿಯೆಂದು ಗೃಹಸ್ಥನನ್ನು ಹೆದರಿಸಲೂ ಇಲ್ಲ. ಬದುಕುವುದೆಂದರೆ ಯಾರಿಗೋ ಒಂದಿಷ್ಟು ನೋವು ತಗಲಿಯೇ ತಗಲುತ್ತದೆ, ಆದುದರಿಂದ ದಿನವೂ ಒಂದಿಷ್ಟನ್ನು ತಿರುಗಿ ಕೊಡು ಎಂದು ಪಂಚಮಹಾಯಜ್ಞಗಳನ್ನು ವಿಧಿಸಿತು. ದೇವತೆಗಳಿಗೆ, ಪಿತೃಗಳಿಗೆ, ಋಷಿಗಳಿಗೆ, ಮನುಷ್ಯರಿಗೆ, ಕಡೆಗೆ ಕಾಗೆ ನಾಯಿಗಳಿಗೂ ಒಂದೊಂದು ಪಾಲು. ತಪ್ಪಿತಸ್ಥನೆಂಬ ಭಾವವಿಲ್ಲದೆಯೂ ಹೊಣೆಯನ್ನು ಹೊರಬಹುದೆಂಬ ಈ ಎಣಿಕೆ ಬಹಳ ಸೂಕ್ಷ್ಮವಾದುದು.

ಇಂದಿನ ನಮ್ಮ ಮನೆಗಳಲ್ಲಿ ಬೀಸುವ ಕಲ್ಲಿಲ್ಲ. ಒರಳು ಬಹುಮಟ್ಟಿಗೆ ಮಾಯವಾಗಿದೆ. ನೀರಿನ ಕೊಡ ಮಾತ್ರ ಹೋಗಿಲ್ಲ, ಬೆಳೆದಿದೆ. ಪೆಂಚ್ ಜಲಾಶಯದಿಂದಲೂ ಕನ್ಹಾನ್ ನದಿಯಿಂದಲೂ ನಾಗಪುರಕ್ಕೆ ಬರುವ ನೀರು ನಮ್ಮ ಕಟ್ಟಡದ ನೆಲಮಟ್ಟದ ತೊಟ್ಟಿಗೆ ಇಳಿಯುತ್ತದೆ. ಅಲ್ಲಿಂದ ಪಂಪು ಅದನ್ನು ತಾರಸಿಯ ಟ್ಯಾಂಕಿಗೆ ಏರಿಸುತ್ತದೆ. ಅಲ್ಲಿಂದ ಗೋಡೆಗಳೊಳಗೆ ಹುದುಗಿದ ಕೊಳವೆಗಳ ಮೂಲಕ ಮನೆಮನೆಯ ಬಚ್ಚಲಿಗೂ ಅಡಿಗೆಮನೆಗೂ ಇಳಿಯುತ್ತದೆ. ಇದರ ಮೇಲೆ ಗೀಸರು, ಬಟ್ಟೆ ಒಗೆಯುವ ಯಂತ್ರ, ಬೇಸಿಗೆಯಲ್ಲಿ ಕೂಲರು. ನಾಲ್ಕು ಅಂತಸ್ತಿನ ಕಟ್ಟಡವೆಂದರೆ ಒಂದರ ಮೇಲೊಂದು ಪೇರಿಸಿಟ್ಟ ಕೊಡಗಳೇ ಸರಿ. ಮೇಲಿನ ಕೊಡ ಸೋರಿದರೆ ನೆನೆಯುವುದು ಅದರ ಒಡೆಯನ ಮನೆಯಲ್ಲ. ಭಕ್ತಿಯ ಪುಟಗಳಲ್ಲಿ ಕೊಳಾಯಿಯ ಮಾತೇಕೆಂದು ಹುಬ್ಬೇರಿಸುವ ಹಿರಿಯರು ಕ್ಷಮಿಸಬೇಕು. ನೀರಿನ ಕೊಡವನ್ನು ಧರ್ಮವಿಚಾರದೊಳಗೆ ತಂದವನು ಈ ಲೇಖಕನಲ್ಲ.

ನಮ್ಮಲ್ಲಿ ಅನೇಕರ ಹಿರಿಯರು ಹುಟ್ಟಿ ಬೆಳೆದ ಮನೆಗಳೂ ಸೋರುತ್ತಿದ್ದುವು. ವಿಜಾಪುರದ ಕಡೆಯ ಮಣ್ಣಿನ ಮಾಳಿಗೆಗಳಿಗೆ ಮಳೆಗಾಲಕ್ಕೆ ಮೊದಲು ಹೊಸ ಮಣ್ಣು ಹಾಕಿ ತುಳಿಸಬೇಕಾಗಿತ್ತು. ಮಲೆನಾಡಿನವರು ಒಡೆದ ಹಂಚುಗಳನ್ನು ಹುಡುಕಿ ಬದಲಾಯಿಸುತ್ತಿದ್ದರು. ಅಷ್ಟಾದರೂ ಆಷಾಢದ ಒಂದು ರಾತ್ರಿ ನಡುಮನೆಯಲ್ಲಿ ತೊಟ್ಟಿಕ್ಕಲು ಆರಂಭವಾದರೆ ಮನೆಯವರು ಕೆಳಗೊಂದು ತಪ್ಪಲೆ ಇಟ್ಟು ಹಾಸಿಗೆಯನ್ನು ಆಚೆ ಎಳೆದುಕೊಳ್ಳುತ್ತಿದ್ದರು. ಆ ನೀರು ಆಕಾಶದ ನೀರು. ಅದರ ಮೇಲೆ ದೂರು ಕೊಡುವ ಕಚೇರಿಯಿರಲಿಲ್ಲ, ಕೋಪಿಸಿಕೊಳ್ಳಲು ಎದುರಿಗೊಂದು ಮುಖವೂ ಇರಲಿಲ್ಲ.

೧೮೮೨ರ ಭಾರತೀಯ ಸರಾಗಭೋಗ ಕಾಯಿದೆಯಲ್ಲಿ ಈ ಭೇದ ಚೆನ್ನಾಗಿ ಕಾಣುತ್ತದೆ. ಎತ್ತರದ ಹೊಲದಲ್ಲಿ ತಾನಾಗಿ ಹುಟ್ಟಿದ ನೀರು, ಅದರ ಮೇಲೆ ತಾನಾಗಿ ಸುರಿದ ನೀರು, ಸ್ವಾಭಾವಿಕವಾಗಿ ತಗ್ಗಿನ ಹೊಲಕ್ಕೆ ಹರಿದು ಬಂದರೆ ತಗ್ಗಿನವನು ಅದನ್ನು ಬೇಡವೆನ್ನುವಂತಿಲ್ಲ. ಇಳಿಜಾರು ದೇವರು ಕೊಟ್ಟದ್ದು. ಅದಕ್ಕೆ ಮೇಲಿನ ರೈತ ಹೊಣೆಯಲ್ಲ. ಫ್ಲ್ಯಾಟಿನಲ್ಲಿ ತಾರಸಿಯ ಮಳೆಯೊಂದನ್ನು ಬಿಟ್ಟರೆ ಅಂಥ ನೀರು ಒಂದು ಹನಿಯೂ ಇಲ್ಲ. ಮೂರನೆಯ ಅಂತಸ್ತಿನ ಬಚ್ಚಲಿನಲ್ಲಿರುವ ಪ್ರತಿಯೊಂದು ತಂಬಿಗೆ ನೀರೂ ಯಾರದೋ ಇಚ್ಛೆಯಿಂದ, ವಿದ್ಯುತ್ತಿನ ಬಲದಿಂದ, ತನ್ನ ಸ್ವಭಾವಕ್ಕೆ ವಿರುದ್ಧವಾಗಿ ಮೇಲಕ್ಕೇರಿದ್ದು. ಏರಿಸಿದವರು ನಾವು; ಇಳಿಯುವುದು ಅದರ ಸ್ವಭಾವ. ಅದು ಇಳಿಯುವ ದಾರಿಯನ್ನು ಕಾಯುವ ಕೆಲಸ ಯಾರದ್ದೆಂಬ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ.

ನಾಗಪುರದ ಹವೆ ಈ ಪ್ರಶ್ನೆಯನ್ನು ಮತ್ತಷ್ಟು ಹರಿತಗೊಳಿಸಿದೆ. ಮೇ ತಿಂಗಳಲ್ಲಿ ೪೫ ಡಿಗ್ರಿಯನ್ನು ಮುಟ್ಟುವ ಬಿಸಿಲಿನಲ್ಲಿ ತಾರಸಿ ಕಾದು ಹಿಗ್ಗುತ್ತದೆ. ಜೂನ್ ತಿಂಗಳ ಮೊದಲ ಮಳೆ ಬಿದ್ದೊಡನೆ ತಣಿದು ಕುಗ್ಗುತ್ತದೆ. ವರ್ಷವರ್ಷವೂ ಹಿಗ್ಗಿ ಕುಗ್ಗಿದ ಗಾರೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಹುಟ್ಟುವುದರಲ್ಲಿ ಆಶ್ಚರ್ಯವಿಲ್ಲ. ಇನ್ನು ಕೂಲರಿನ ಮಾತು. ಈ ಊರಿನಲ್ಲಿ ಬಾಳಿದವರಿಗೆ ಅದನ್ನು ವರ್ಣಿಸಬೇಕಾದುದಿಲ್ಲ. ಹೋಳಿ ಮುಗಿದೊಡನೆ ಕಿಟಕಿಕಿಟಕಿಗೂ ತಗಡಿನ ಪೆಟ್ಟಿಗೆ ಬಂದು ಕೂಡುತ್ತದೆ. ಮರದ ನಾರಿನ ಇಲ್ಲವೆ ಲಾವಂಚದ ತಡಿಕೆಯ ಮೇಲೆ ನೀರು ಹಗಲಿರುಳೂ ಇಳಿಯುತ್ತದೆ. ಕೊಳವೆಯಿಂದ ತುಂಬಲು ಬಿಟ್ಟು ಮರೆತವರ ಕೂಲರು ತುಂಬಿ ಹರಿದು ಕೆಳಗಿನವರ ಗೋಡೆಯ ಮೇಲೆ ನಕ್ಷೆ ಬರೆಯುವುದು ವೈಶಾಖದ ನಿತ್ಯದೃಶ್ಯ. ಮೇಲಿನವರು ತಂಪಾಗಿ ನಿದ್ರಿಸಿದ ರಾತ್ರಿ ಕೆಳಗಿನವರು ಗೋಡೆ ಒರೆಸುತ್ತಾರೆ.

ಸೋರಿಕೆಯೆಂಬುದು ಬೇರೆ ಉಪದ್ರವಗಳಂಥದಲ್ಲ. ನೆರೆಮನೆಯ ರೇಡಿಯೋ ಗದ್ದಲ ಮಾಡಿದರೆ ಹಚ್ಚಿದವನಿಗೂ ಅದು ಕೇಳಿಸುತ್ತದೆ. ಒಗ್ಗರಣೆಯ ಹೊಗೆ ಮಾಡಿದವಳನ್ನೂ ಕೆಮ್ಮಿಸುತ್ತದೆ. ಸೋರಿಕೆಯಲ್ಲಿ ಹಾಗಿಲ್ಲ. ಕಾರಣವಿರುವ ಮನೆ ಒಣಗಿಯೇ ಇರುತ್ತದೆ. ಹಾನಿಯಾದ ಮನೆಯವರಿಗೆ ಕಾರಣವನ್ನು ಮುಟ್ಟಲೂ ಅಧಿಕಾರವಿಲ್ಲ. ಕಾಣುವವನು ಮಾಡಲಾರ, ಮಾಡಬಲ್ಲವನಿಗೆ ಕಾಣುವುದಿಲ್ಲ. ಇವರಿಬ್ಬರ ನಡುವೆ ಇರುವುದು ಐದಾರು ಅಂಗುಲ ದಪ್ಪದ ಒಂದು ಸ್ಲ್ಯಾಬು. ಅದರ ಮೇಲ್ಮೈ ಒಬ್ಬರ ನೆಲ, ಅದರ ತಳಭಾಗ ಇನ್ನೊಬ್ಬರ ಸೂರು. ಹಾಗಾದರೆ ಸ್ಲ್ಯಾಬು ಯಾರದು?

ನಮ್ಮ ಬಳಗದ ಹಿರಿಯ ತಾಯಿಯೊಬ್ಬರು ಪಶ್ಚಿಮ ನಾಗಪುರದ ಒಂದು ಹಳೆಯ ಕಟ್ಟಡದ ಎರಡನೆಯ ಅಂತಸ್ತಿನಲ್ಲಿದ್ದಾರೆ. ಗಂಡ ರೈಲ್ವೆಯಿಂದ ನಿವೃತ್ತರಾದಾಗ ಕೊಂಡ ಮನೆ. ಅವರ ದೇವರ ಗೂಡಿನ ಹಿಂದಿನ ಗೋಡೆಯ ಮೇಲೆ ಮೊದಲು ಅಂಗೈಯಗಲದ ಒಂದು ಮಬ್ಬು ಕಾಣಿಸಿಕೊಂಡಿತು. ಆಮೇಲೆ ಸುಣ್ಣದ ಪದರ ಉಬ್ಬಿ ಸಿಡಿಯಿತು. ಬಿಳಿಯ ಉಪ್ಪು ಹೂವಿನಂತೆ ಅರಳಿತು. ಎರಡು ಮಳೆಗಾಲ ಅವರು ಯಾರಿಗೂ ಹೇಳಲಿಲ್ಲ. ಏಕೆಂದು ಕೇಳಿದರೆ, "ಪರಸ್ಥಳದಾಗ ಇದ್ದೀವಿ, ಯಾರ ಕೂಡ ಯಾಕ ಜಗಳ" ಎಂದರು. ಗೂಡನ್ನೇ ಒಂದು ಗೇಣು ಆಚೆ ಸರಿಸಿದರು. ಕೊನೆಗೊಂದು ದಿನ ಮೇಲೆ ಹೋಗಿ ಹೇಳಿದಾಗ ಆ ಮನೆಯ ಗೃಹಿಣಿ ಮರ್ಯಾದೆಯಿಂದಲೇ ಬಚ್ಚಲಿನ ಬಾಗಿಲು ತೆರೆದು ತೋರಿಸಿ, "ನಮ್ಮಲ್ಲಿ ಒಂದು ಹನಿಯೂ ಇಲ್ಲವಲ್ಲ ಕಾಕೂ, ನೀವೇ ನೋಡಿರಿ" ಎಂದರಂತೆ. ಆಕೆ ಹೇಳಿದ್ದು ಅಪ್ಪಟ ನಿಜ. ಆ ಬಚ್ಚಲು ಒಣಗಿತ್ತು. ಸತ್ಯವನ್ನೇ ನುಡಿದೂ ಒಬ್ಬರು ಇನ್ನೊಬ್ಬರನ್ನು ಬರಿಗೈಯಲ್ಲಿ ಕಳುಹಿಸಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ನೀರು ಗೋಡೆಯೊಳಗೆ ನೇರವಾಗಿ ಇಳಿಯುವುದಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಅರ್ಧ ಜಗಳಗಳು ಇದು ತಿಳಿಯದ್ದರಿಂದಲೇ ಬೆಳೆಯುತ್ತವೆ. ಬಚ್ಚಲಿನ ಟೈಲ್ಸುಗಳ ಸಂದಿನಲ್ಲಿ ಇಂಗಿದ ನೀರು, ನಹಾನಿ ಟ್ರ್ಯಾಪಿನ ಬೆಸುಗೆಯಲ್ಲಿ ಜಾರಿದ ನೀರು, ಟೈಲ್ಸಿನ ಕೆಳಗೆ ತುಂಬಿದ ಇಟ್ಟಿಗೆಚೂರಿನಲ್ಲಿ ತಿಂಗಳುಗಟ್ಟಲೆ ನಿಂತಿರುತ್ತದೆ. ಅಲ್ಲಿಂದ ತಗ್ಗನ್ನು ಹುಡುಕುತ್ತಾ ವಿದ್ಯುತ್ ತಂತಿಯ ಕೊಳವೆಯನ್ನು ಹಿಡಿದು, ಬಿರುಕನ್ನು ಹಿಡಿದು, ಹತ್ತಡಿ ದೂರದ ಕೋಣೆಯಲ್ಲಿ ಹೊರಬೀಳಬಹುದು. ಆದುದರಿಂದ ನೋಡಿ ಹೇಳುವುದು ಸಾಲದು, ಪರೀಕ್ಷಿಸಬೇಕು. ನೀರು ಹೋಗುವ ತೂತನ್ನು ಮುಚ್ಚಿ, ಬಚ್ಚಲಿನಲ್ಲಿ ಎರಡು ಅಂಗುಲ ನೀರನ್ನು ೨೪ ಗಂಟೆ ನಿಲ್ಲಿಸಿ, ಕೆಳಗಿನವರ ಸೂರನ್ನು ಗಮನಿಸುವುದು ಒಂದು ವಿಧಾನ. ಎಲ್ಲ ನಲ್ಲಿಗಳನ್ನೂ ಮುಚ್ಚಿದ ಮೇಲೆ ಮೀಟರಿನ ಮುಳ್ಳು ತಿರುಗುತ್ತಿದೆಯೇ ಎಂದು ನೋಡುವುದು ಇನ್ನೊಂದು. ಎರಡಕ್ಕೂ ಮೇಲಿನವರು ಬಾಗಿಲು ತೆರೆಯಬೇಕು.

ತಡಮಾಡಿದರೆ ಆಗುವ ಹಾನಿ ಬಣ್ಣದ್ದಲ್ಲ. ಸ್ಲ್ಯಾಬಿನೊಳಗೆ ಕಬ್ಬಿಣದ ಸರಳುಗಳಿವೆ. ತೇವ ಅವುಗಳನ್ನು ಮುಟ್ಟಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುವುದರಿಂದ ಸರಳು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಮೊದಲು ಉದುರುವುದು ಕೆಳಗಿನವರ ಸೂರು, ನಿಜ. ಆದರೆ ಬಲ ಕಳೆದುಕೊಳ್ಳುವುದು ಮೇಲಿನವರ ನೆಲ. ಆ ತಾಯಿಯ ಎರಡು ವರ್ಷಗಳ ಮೌನ ಅವರ ಮನೆಯನ್ನಷ್ಟೇ ಕೆಡಿಸಲಿಲ್ಲ. ಯಾರನ್ನು ನೋಯಿಸಬಾರದೆಂದು ಸುಮ್ಮನಿದ್ದರೋ ಅವರ ಕಾಲ ಕೆಳಗಿನ ಕಬ್ಬಿಣವನ್ನೂ ತಿಂದಿತು. ನಮ್ಮವರು ಇಂಥ ಮೌನವನ್ನು ಕ್ಷಮೆಯೆಂದು ಕರೆದುಕೊಳ್ಳುವುದುಂಟು. ಕ್ಷಮೆ ಬೇರೆ, ಸಂಕೋಚ ಬೇರೆ. ಹೇಳಬಲ್ಲವನು ಹೇಳಿ, ಕೇಳಿಸಿಕೊಂಡು, ಆಮೇಲೆ ಬಿಟ್ಟುಕೊಟ್ಟರೆ ಅದು ಕ್ಷಮೆ. ಬಾಯಿ ಬಾರದೆ, ಭಾಷೆ ಬಾರದೆ, ಹೊರಗಿನವರೆಂಬ ಅಳುಕಿನಿಂದ ನುಂಗಿಕೊಂಡದ್ದಕ್ಕೆ ಆ ದೊಡ್ಡ ಹೆಸರು ಸಲ್ಲದು. ನಲವತ್ತು ವರ್ಷ ಒಂದೂರಿನಲ್ಲಿದ್ದು ಅಲ್ಲಿಯೇ ಮೊಮ್ಮಕ್ಕಳನ್ನು ಕಂಡವರು ತಮ್ಮನ್ನು ಇನ್ನೂ ಪರಸ್ಥಳದವರೆಂದುಕೊಳ್ಳುವುದು ನೆರೆಯವರಿಗೂ ಮಾಡಿದ ಅನ್ಯಾಯವೇ.

ಈಗ ಮೂಲಪ್ರಶ್ನೆಗೆ ಬರಬಹುದು. ಅರಿಯದೆ ಆದ ಹಾನಿಗೆ ಮನುಷ್ಯನು ಹೊಣೆಯೇ?

ನಮ್ಮ ಪುರಾಣೇತಿಹಾಸಗಳು ಇದಕ್ಕೆ ಒಂದೇ ಉತ್ತರವನ್ನು ಕೊಟ್ಟಿಲ್ಲವೆಂಬುದು ಅವುಗಳ ಹಿರಿಮೆ. ಮಹಾಭಾರತದ ಆದಿಪರ್ವದಲ್ಲಿ ಮಾಂಡವ್ಯ ಮಹರ್ಷಿಗಳ ಕಥೆಯಿದೆ. ಕಳ್ಳರು ಕದ್ದ ಮಾಲನ್ನು ಅವರ ಆಶ್ರಮದಲ್ಲಿ ಬಚ್ಚಿಟ್ಟರು. ರಾಜಭಟರು ಬಂದು ಕೇಳಿದಾಗ ಮೌನವ್ರತದಲ್ಲಿದ್ದ ಮುನಿಗಳು ಉತ್ತರಿಸಲಿಲ್ಲ. ಕಳ್ಳರೊಂದಿಗೆ ಅವರನ್ನೂ ಶೂಲಕ್ಕೇರಿಸಿದರು. ಮುಂದೆ ಅವರು ಧರ್ಮದೇವತೆಯ ಬಳಿಗೆ ಹೋಗಿ ತಮ್ಮ ಯಾವ ಪಾಪಕ್ಕೆ ಈ ಶಿಕ್ಷೆಯೆಂದು ಕೇಳಿದರು. ಬಾಲ್ಯದಲ್ಲಿ ನೀನು ಚಿಕ್ಕ ಹುಳುಗಳಿಗೆ ಕಡ್ಡಿ ಚುಚ್ಚಿದ್ದೆ ಎಂಬ ಉತ್ತರ ಬಂತು. ಮುನಿಗಳು ಕೆರಳಿದರು. ತಿಳಿವಳಿಕೆಯಿಲ್ಲದ ವಯಸ್ಸಿನ ಅಲ್ಪಾಪರಾಧಕ್ಕೆ ಇಷ್ಟು ದಂಡನೆಯೇ ಎಂದು ಧರ್ಮನನ್ನೇ ಶಪಿಸಿದರು. ಹದಿನಾಲ್ಕು ವರ್ಷದೊಳಗೆ ಮಾಡಿದ್ದು ಪಾತಕವೆನಿಸದೆಂಬ ಮೇರೆಯನ್ನೂ ಹಾಕಿದರು. ಆ ಶಾಪದಿಂದಲೇ ಧರ್ಮನು ವಿದುರನಾಗಿ ಹುಟ್ಟಿದನು. ಅರಿವಿಲ್ಲದಲ್ಲಿ ಅಪರಾಧವಿಲ್ಲವೆಂಬ ಪಕ್ಷಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಡ. (ಭಟರು ಕೇಳಿದಾಗ ಮುನಿಗಳು ಒಂದು ಮಾತು ಆಡಿದ್ದರೆ ಶೂಲವೇ ತಪ್ಪುತ್ತಿತ್ತೇನೋ, ವ್ರತಭಂಗ ದೊಡ್ಡದೋ ಶೂಲ ದೊಡ್ಡದೋ ಎಂಬುದನ್ನು ಪಂಡಿತರಿಗೆ ಬಿಡುತ್ತೇನೆ.)

ಇನ್ನೊಂದು ಪಕ್ಷಕ್ಕೆ ನೃಗ ಮಹಾರಾಜನಿದ್ದಾನೆ. ಭಾಗವತದ ದಶಮಸ್ಕಂಧದಲ್ಲಿ ಬರುವ ಅವನ ಕಥೆ ನಮ್ಮವರಿಗೆ ಪರಿಚಿತವೇ. ಗೋದಾನದಲ್ಲಿ ಅಸಮಾನನಾದ ಅವನ ಮಂದೆಗೆ ಬ್ರಾಹ್ಮಣನೊಬ್ಬನ ಹಸು ತಪ್ಪಿ ಬಂದು ಸೇರಿತು. ಅರಿಯದೆ ಅವನು ಅದನ್ನು ಮತ್ತೊಬ್ಬನಿಗೆ ದಾನವಾಗಿ ಕೊಟ್ಟನು. ಮೊದಲಿನವನು ತನ್ನ ಹಸುವನ್ನು ಗುರುತಿಸಿದನು; ಇಬ್ಬರೂ ಅರಸನ ಬಳಿಗೆ ಬಂದರು. ಅರಸನು ಆ ಒಂದು ಹಸುವಿನ ಬದಲು ಲಕ್ಷ ಹಸುಗಳನ್ನು ಕೊಡುತ್ತೇನೆಂದು ಒಬ್ಬೊಬ್ಬರನ್ನೂ ಬೇಡಿಕೊಂಡರೂ ಯಾರೂ ಒಪ್ಪಲಿಲ್ಲ. ಪರಿಣಾಮವಾಗಿ ನೃಗನು ಓತಿಕ್ಯಾತನಾಗಿ ಬಾವಿಯಲ್ಲಿ ಬಿದ್ದಿದ್ದು, ಶ್ರೀಕೃಷ್ಣನ ಕರಸ್ಪರ್ಶದಿಂದ ಬಿಡುಗಡೆ ಹೊಂದಿದನು. ಇಲ್ಲಿ ಅರಿಯದಿದ್ದುದು ರಕ್ಷಣೆಯಾಗಲಿಲ್ಲ, ದುಡ್ಡೂ ಆಗಲಿಲ್ಲ.

ಮಾಂಡವ್ಯರ ಕಥೆಯನ್ನು ಓದಿದಾಗ ಮೇಲಿನ ಮನೆಯವರ ಪರವಾಗಿಯೂ, ಇದನ್ನು ಓದಿದಾಗ ಕೆಳಗಿನ ಮನೆಯವರ ಪರವಾಗಿಯೂ ಮನಸ್ಸು ವಾಲುತ್ತದೆ. ಆದರೆ ಇದೇ ನೃಗನ ಕಥೆ ರಾಮಾಯಣದ ಉತ್ತರಕಾಂಡದಲ್ಲಿ ಇನ್ನೊಂದು ರೀತಿಯಲ್ಲಿದೆ. ಅದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಶ್ರೀರಾಮನೇ ಅದನ್ನು ಲಕ್ಷ್ಮಣನಿಗೆ ಹೇಳುತ್ತಾನೆ. ಹಸುವನ್ನು ಕಳೆದುಕೊಂಡ ಬಡ ಬ್ರಾಹ್ಮಣನು ವರ್ಷಗಟ್ಟಲೆ ಅಲೆದು ಕನಖಲದಲ್ಲಿ ಅದನ್ನು ಕಂಡು 'ಶಬಲೆ' ಎಂದು ಹೆಸರು ಹಿಡಿದು ಕೂಗಿದನು. ಹಸು ಧ್ವನಿಯನ್ನು ಗುರುತಿಸಿ ಅವನ ಹಿಂದೆ ನಡೆಯಿತು. ಜಗಳ ಬಿದ್ದ ಇಬ್ಬರೂ ಅರಮನೆಯ ಬಾಗಿಲಿಗೆ ಬಂದು ಅನೇಕ ದಿನ ಕಾದರು. ಒಳಗೆ ಹೋಗಲು ಅಪ್ಪಣೆಯಾಗಲಿಲ್ಲ. ಅರಸನ ದರ್ಶನವೂ ಆಗಲಿಲ್ಲ. ಆಗ ಅವರು ಶಪಿಸಿದರು: ಕಾರ್ಯಾರ್ಥಿಗಳಾಗಿ ಬಂದವರಿಗೆ ಕಾಣಿಸಿಕೊಳ್ಳದ ನೀನು ಯಾರಿಗೂ ಕಾಣದ ಓತಿಕ್ಯಾತವಾಗು. ಶಾಪ ಬಿದ್ದುದು ಹಸುವನ್ನು ಅರಿಯದೆ ಕೊಟ್ಟುದಕ್ಕಲ್ಲ, ಬಾಗಿಲನ್ನು ತೆರೆಯದುದಕ್ಕೆ. ಎರಡು ಗ್ರಂಥಗಳಲ್ಲಿ ನನಗೆ ಹೆಚ್ಚು ನ್ಯಾಯವಾಗಿ ತೋರುವುದು ರಾಮಾಯಣದ ಈ ಪಾಠವೇ. ಮತ್ತೊಂದು ಸ್ವಾರಸ್ಯವಿದೆ. ಶಾಪವನ್ನು ಕೇಳಿದ ನೃಗನು ಶಿಲ್ಪಿಗಳನ್ನು ಕರೆಸಿ ತನ್ನ ವಾಸಕ್ಕೆ ಮೂರು ಗುಂಡಿಗಳನ್ನು ಮಾಡಿಸಿಕೊಂಡನಂತೆ: ಒಂದು ಮಳೆ ತಗಲದಂತೆ, ಒಂದು ಚಳಿ ತಗಲದಂತೆ, ಒಂದು ಬೇಸಿಗೆಯ ತಾಪ ತಗಲದಂತೆ. ಬಾಗಿಲು ತೆರೆಯದ ಅರಸನು ತನ್ನ ಗೂಡು ಸೋರದಂತೆ ಮಾತ್ರ ಎಚ್ಚರ ವಹಿಸಿದನು!

ಈ ದೃಷ್ಟಿಯಿಂದ ನೋಡಿದರೆ ಬಚ್ಚಲಿನ ಕೆಳಗಿನ ತೂತು ಯಾರ ಪಾಪವೂ ಅಲ್ಲ. ಕೊಳವೆ ಹಳತಾಗುತ್ತದೆ, ಗಾರೆ ಬಿರುಕು ಬಿಡುತ್ತದೆ, ಕಟ್ಟಿದವನು ಅಗ್ಗದ ಸಾಮಾನು ಹಾಕಿ ಹೋಗಿರುತ್ತಾನೆ. ಕೆಳಗಿನವರು ಬಂದು ಬಾಗಿಲು ತಟ್ಟಿದ ದಿನದಿಂದ ಲೆಕ್ಕ ಬೇರೆಯಾಗುತ್ತದೆ. ನಿನ್ನೆಯ ವರೆಗೆ ಹರಿದದ್ದು ಕೊಳವೆಯ ನೀರು. ನಾಳೆಯಿಂದ ಹರಿಯುವುದು ತಿಳಿದವನ ನೀರು.

ಮೇಲಿನವರ ಕಷ್ಟವನ್ನೂ ಹಗುರವಾಗಿ ಕಾಣಬಾರದು. ಅವರನ್ನು ನಾವು ಕೇಳುತ್ತಿರುವುದೇನು? ಒಣಗಿರುವ, ಚೆನ್ನಾಗಿರುವ, ಸಾಲ ಮಾಡಿ ಕಟ್ಟಿಸಿಕೊಂಡ ಬಚ್ಚಲನ್ನು ಅಗೆದು ಹಾಕಿರೆಂದು. ಹದಿನೈದು ದಿನ ಮನೆಯೆಲ್ಲ ಧೂಳು. ಸ್ನಾನಕ್ಕೆ ನೆಂಟರ ಮನೆ. ಹಳೆಯ ಟೈಲ್ಸಿಗೆ ಜೊತೆಯಾಗುವ ಟೈಲ್ಸು ಅಂಗಡಿಯಲ್ಲಿ ಸಿಗುವುದೂ ಇಲ್ಲ. ಇಷ್ಟೆಲ್ಲ ತಾವು ಕಾಣದ ಒಂದು ಕಲೆಗಾಗಿ, ತಾವು ಮಾಡದ ಒಂದು ತಪ್ಪಿಗಾಗಿ, ಇನ್ನೊಬ್ಬರ ಬಾಯಿಮಾತಿನ ಮೇಲೆ. ಮಾಂಡವ್ಯರ ಸಿಟ್ಟು ಅವರಲ್ಲಿಯೂ ಹುಟ್ಟಿದರೆ ಅದನ್ನು ದುಷ್ಟತನವೆನ್ನಲಾಗದು. ಆದರೆ ಕೀಲಿಕೈ ಇರುವುದು ಅವರಲ್ಲಿ. ದೋಷವಿಲ್ಲದವನಿಗೆ ಹೊಣೆ ಬರುವುದು ಹೇಗೆಂದು ಕೇಳಿದರೆ ಕೊಡಬಹುದಾದ ಉತ್ತರ ಅದೊಂದೇ: ಬೇರೆ ಯಾರ ಕೈಯೂ ಅಲ್ಲಿಗೆ ಎಟುಕುವುದಿಲ್ಲ.

ಕಾನೂನು ಈ ವಿಷಯದಲ್ಲಿ ನಮ್ಮ ಪುರಾಣಗಳಂತೆಯೇ ತೂಗಾಡಿದೆ. ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ ರೈಲ್ಯಾಂಡ್ಸ್ ಎಂಬ ಗಿರಣಿಯ ಒಡೆಯನು ಗುತ್ತಿಗೆದಾರರಿಂದ ಒಂದು ಜಲಾಶಯವನ್ನು ಕಟ್ಟಿಸಿದನು. ಅದರ ತಳದಲ್ಲಿ ಹಳೆಯ ಗಣಿಯ ಸುರಂಗಗಳಿದ್ದುವು. ನೀರು ಅವುಗಳ ಮೂಲಕ ನುಗ್ಗಿ ನೆರೆಯ ಫ್ಲೆಚರನ ಗಣಿಯನ್ನು ಮುಳುಗಿಸಿತು. ಒಡೆಯನ ಸ್ವಂತ ಅಜಾಗರೂಕತೆ ಏನೂ ಇರಲಿಲ್ಲ. ಆದರೂ ತನ್ನ ನೆಲಕ್ಕೆ ತಂದಿರಿಸಿಕೊಂಡ ನೀರು ತಪ್ಪಿಸಿಕೊಂಡು ಮಾಡಿದ ಹಾನಿಗೆ ಅವನೇ ಹೊಣೆಯೆಂದು ೧೮೬೮ರಲ್ಲಿ ಅಲ್ಲಿಯ ಪ್ರಭುಸಭೆ ತೀರ್ಪಿತ್ತಿತು. ನಲವತ್ತೈದು ವರ್ಷಗಳ ನಂತರ ಆಸ್ಟ್ರೇಲಿಯಾದ ಮೆಲ್ಬರ್ನಿನಿಂದ ಪ್ರೀವಿ ಕೌನ್ಸಿಲಿಗೆ ಬಂದ ರಿಕಾರ್ಡ್ಸ್ ಮತ್ತು ಲೋಥಿಯನ್ನರ ವ್ಯಾಜ್ಯ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಯಾರೋ ಅಪರಿಚಿತನು ಮೇಲಂತಸ್ತಿನ ತೊಟ್ಟಿಯ ಕೊಳವೆಯನ್ನು ಬೇಕೆಂದೇ ಮುಚ್ಚಿ ನಲ್ಲಿಯನ್ನು ಪೂರ್ತಿ ತಿರುಗಿಸಿ ಹೋದನು. ಕೆಳಗಿನ ಬಾಡಿಗೆದಾರನ ಸರಕು ನೆನೆದು ಹಾಳಾಯಿತು. ಮನೆಗಳಿಗೆ ಕೊಳಾಯಿ ನೀರು ತರುವುದು ಸರ್ವಸಾಮಾನ್ಯ ಬಳಕೆಯಾದುದರಿಂದ ಮೇಲಿನವನು ಹೊಣೆಯಲ್ಲವೆಂದು ೧೯೧೩ರಲ್ಲಿ ತೀರ್ಮಾನವಾಯಿತು. ಅಲ್ಲಿ ನೃಗನ ಪಕ್ಷ, ಇಲ್ಲಿ ಮಾಂಡವ್ಯರ ಪಕ್ಷ.

ನಮ್ಮ ಮಹಾರಾಷ್ಟ್ರದಲ್ಲಿ ಸಹಕಾರ ಸಂಘಗಳ ಕಾಯಿದೆ ೧೯೬೦ರದು. ಗೃಹನಿರ್ಮಾಣ ಸಂಘಗಳ ಮಾದರಿ ಉಪವಿಧಿಗಳು ವ್ಯವಹಾರದ ದೃಷ್ಟಿಯಿಂದ ಗೆರೆ ಎಳೆದಿವೆ. ತಾರಸಿಯಿಂದ ಬರುವ ಮಳೆನೀರು, ಹೊರಗಿನ ಸಾಮಾನ್ಯ ಕೊಳವೆಗಳ ಸೋರಿಕೆ, ಇವುಗಳ ದುರಸ್ತಿ ಸೊಸಾಯಿಟಿಯ ಖರ್ಚಿನಲ್ಲಿ. ಮನೆಯೊಳಗಿನ ಬಚ್ಚಲು, ಶೌಚಾಲಯ, ತೊಟ್ಟಿಗಳಿಂದ ಆದುದು ಆ ಮನೆಯ ಸದಸ್ಯನ ಖರ್ಚಿನಲ್ಲಿ. ಹೊಸ ಕಟ್ಟಡಗಳಾದರೆ ೨೦೧೬ರ ಸ್ಥಿರಾಸ್ತಿ ಕಾಯಿದೆಯ ಪ್ರಕಾರ ಮನೆಯನ್ನು ವಹಿಸಿಕೊಟ್ಟ ೫ ವರ್ಷಗಳೊಳಗೆ ಕಂಡುಬಂದ ನಿರ್ಮಾಣದೋಷವನ್ನು ಕಟ್ಟಿದವನೇ ಸರಿಪಡಿಸತಕ್ಕದ್ದು. ಇವೆಲ್ಲ ತಿಳಿದಿರುವುದು ಒಳ್ಳೆಯದು. ಆದರೆ ವಿಧಿಗಳು ಖರ್ಚನ್ನು ಹಂಚಬಲ್ಲವೇ ಹೊರತು ಬಾಗಿಲನ್ನು ತಟ್ಟುವಾಗ ಆಡಬೇಕಾದ ಮೊದಲ ಮಾತನ್ನು ಕಲಿಸಲಾರವು. ತಾರಸಿಯ ದುರಸ್ತಿಗೆ ವಂತಿಗೆ ಕೇಳಿದಾಗ "ನಮಗೇನು ಸೋರುತ್ತಿಲ್ಲವಲ್ಲ" ಎನ್ನುವ ನೆಲಮಟ್ಟದ ಸದಸ್ಯರು ಪ್ರತಿಯೊಂದು ಸೊಸಾಯಿಟಿಯಲ್ಲಿಯೂ ಉಂಟು. ಅವರೂ ಸತ್ಯವನ್ನೇ ಹೇಳುತ್ತಾರೆ.

ಒಂದು ಕಟ್ಟಡದ ಮಾತು ಇಡೀ ನಗರದ ಮಾತಾಗುವುದನ್ನು ೨೦೨೩ರಲ್ಲಿ ನಾಗಪುರದವರು ಕಣ್ಣಾರೆ ಕಂಡರು. ಅಂಬಾಝರಿ ಕೆರೆ ೧೮೭೦ರ ಸುಮಾರಿಗೆ ಊರಿಗೆ ನೀರುಣಿಸಲೆಂದು ಆದದ್ದು. ಅದು ತುಂಬಿದಾಗ ಹೆಚ್ಚಿನ ನೀರು ಊರಿಗೆ ಹೆಸರು ಕೊಟ್ಟ ನಾಗ ನದಿಗೆ ಇಳಿಯುತ್ತದೆ. ಆ ವರ್ಷ ಗಣೇಶೋತ್ಸವದ ನಡುವೆ, ಸೆಪ್ಟೆಂಬರ್ ೨೩ರ ನಸುಕಿನಲ್ಲಿ, ಕೆಲವೇ ಗಂಟೆಗಳಲ್ಲಿ ನೂರು ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಕೆರೆ ಉಕ್ಕಿತು. ಅಂಬಾಝರಿ ಲೇಔಟಿನಿಂದ ಸೀತಾಬರ್ಡಿಯ ವರೆಗೆ ತಗ್ಗಿನ ಮನೆಗಳಿಗೆ ನೀರು ನುಗ್ಗಿತು; ಪ್ರಾಣಹಾನಿಯೂ ಆಯಿತು. ಕೆರೆಯ ನೀರು ಹೊರಹೋಗುವ ದಾರಿ, ನದಿಯ ಪಾತ್ರ, ಅದರ ಮೇಲಿನ ಕಟ್ಟೋಣಗಳು, ಯಾವುದು ಯಾರ ಸುಪರ್ದಿಯಲ್ಲಿದೆ, ಯಾರು ಏನನ್ನು ಮೊದಲೇ ಮಾಡಬೇಕಾಗಿತ್ತು ಎಂಬ ಪ್ರಶ್ನೆಗಳು ಮುಂಬಯಿ ಉಚ್ಚ ನ್ಯಾಯಾಲಯದ ನಾಗಪುರ ಪೀಠದ ವರೆಗೆ ಹೋದುವು. ಸುರಿದದ್ದು ಆಕಾಶದ ನೀರೇ. ಆದರೆ ನಿಂತದ್ದು ಮನುಷ್ಯನು ಕಟ್ಟಿದ ಒಡ್ಡಿನ ಹಿಂದೆ, ಹರಿದದ್ದು ಮನುಷ್ಯನು ಇಕ್ಕಟ್ಟುಗೊಳಿಸಿದ ದಾರಿಯಲ್ಲಿ. ೧೮೮೨ರ ಕಾಯಿದೆಯ ಆ ಸರಳವಾದ ಇಳಿಜಾರು ಇಂದು ಎಲ್ಲಿಯೂ ಉಳಿದಿಲ್ಲ. ಕೆರೆಯೂ ಒಂದು ಮೇಲಂತಸ್ತೇ ಎಂದು ಆ ದಿನ ತಗ್ಗಿನವರಿಗೆ ತಿಳಿಯಿತು. ಅಂದು ಬೆಳಗ್ಗೆ ಎತ್ತರದ ಬಡಾವಣೆಗಳವರು ಎದ್ದು ಚಹಾ ಕುಡಿದು ದೂರವಾಣಿ ಬಂದ ಮೇಲೆಯೇ ವಿಷಯವನ್ನು ಅರಿತರು. ಅವರ ಅಂಗಳಗಳು ಆಗಲೇ ಆರಿದ್ದುವು.

ಪುನಃ ಆ ತಾಯಿಯ ಮನೆಗೆ. ತೇವದ ಗೋಡೆಗೆ ತಾಗಿದ್ದ ಕಪಾಟಿನಲ್ಲಿ ಅವರ ತಾಯಿ ಕೈಯಾರೆ ಬರೆದಿಟ್ಟ ಹಾಡಿನ ಪುಸ್ತಕವೊಂದಿತ್ತು. ಮದುವೆಯಾಗಿ ಗದಗಿನಿಂದ ಬರುವಾಗ ಕೊಟ್ಟದ್ದು. ದಾಸರ ಪದಗಳು, ಆರತಿಯ ಹಾಡುಗಳು, ನವರಾತ್ರಿಯಲ್ಲಿ ಒಂಬತ್ತು ದಿನವೂ ಹೇಳುವ ಪದಗಳು. ಅಚ್ಚಾದ ಪುಸ್ತಕಗಳಲ್ಲಿ ದೊರೆಯದವೂ ಕೆಲವು ಇದ್ದುವಂತೆ. ಶಾಯಿಯೆಲ್ಲ ಕರಗಿ ಪುಟಗಳು ಒಂದಕ್ಕೊಂದು ಅಂಟಿ ನೀಲಿಯ ಹೆಂಟೆಯಾಗಿತ್ತು. ಮೇಲಿನ ಮನೆಯ ಗೃಹಿಣಿ ಮತ್ತೊಂದು ಸಲ ಕರೆದಾಗ ಕೆಳಗಿಳಿದು ಬಂದರು. ಗೋಡೆಯ ಕಲೆಯನ್ನು ನೋಡಿದಾಗ ಏನೂ ಹೇಳಲಿಲ್ಲ. ಆ ಪುಸ್ತಕವನ್ನು ಕೈಗೆ ತೆಗೆದುಕೊಂಡು ಬಿಡಿಸಲು ಯತ್ನಿಸಿ, ಕನ್ನಡ ಅಕ್ಷರ ಬಾರದಿದ್ದರೂ ಬಹಳ ಹೊತ್ತು ನೋಡುತ್ತಾ ಕುಳಿತರು. ಮರುವಾರ ಪ್ಲಂಬರನು ಬಂದನು. ಟೈಲ್ಸು ಒಡೆದಾಗ ಟ್ರ್ಯಾಪಿನ ಬೆಸುಗೆಯಲ್ಲಿ ದೋಷ ಕಂಡಿತು. ಖರ್ಚನ್ನು ಮೇಲಿನವರೇ ಕೊಟ್ಟರು. ಕೆಳಗಿನ ಗೋಡೆಯ ಗಿಲಾಯಿಯನ್ನು ಇವರು ಮಾಡಿಸಿಕೊಂಡರು. ಉಪವಿಧಿಯನ್ನು ಹಿಡಿದು ಹಟ ಮಾಡಿದ್ದರೆ ಅದನ್ನೂ ಕೇಳಬಹುದಾಗಿತ್ತು; ಕೇಳಲಿಲ್ಲ. ಇದು ಕ್ಷಮೆ. ಪುಸ್ತಕಕ್ಕೆ ಬೆಲೆ ಕಟ್ಟುವ ಮಾತು ಇಬ್ಬರಲ್ಲಿ ಯಾರೂ ಎತ್ತಲಿಲ್ಲ. ಲಕ್ಷ ಹಸುಗಳು ಒಂದು ಶಬಲೆಗೆ ಸಮವಾಗಲಿಲ್ಲವಷ್ಟೆ.

ಕೆಳಗಿನವರಿಗೂ ಒಂದು ಮಾತು ಸಲ್ಲಬೇಕು. ಸೋರಿಕೆಯನ್ನು ಹೇಳಲು ಹೋದಾಗ ಕಳೆದ ವರ್ಷದ ವಾಹನ ನಿಲುಗಡೆಯ ಜಗಳವನ್ನು ಜೊತೆಗೆ ಒಯ್ಯಬಾರದು. ಹಳೆಯ ಬಣ್ಣವನ್ನು ಹೊಸತು ಮಾಡಿಸಿಕೊಳ್ಳಲು ಇದೇ ಸುಸಮಯವೆಂದು ಲೆಕ್ಕವನ್ನು ಹಿಗ್ಗಿಸುವುದೂ ಸಲ್ಲದು. ಪರೀಕ್ಷೆಗೆ ತಮ್ಮ ಮನೆಯನ್ನೂ ತೆರೆದಿಡಬೇಕು. ದೋಷ ತಮ್ಮದೇ ಕೊಳವೆಯದೆಂದು ಕಂಡುಬರುವ ಸಂಭವವೂ ಉಂಟು. ಅದಕ್ಕಿಂತ ಮಿಗಿಲಾಗಿ, ಎರಡನೆಯ ಅಂತಸ್ತಿನವರು ಮೊದಲನೆಯ ಅಂತಸ್ತಿನವರಿಗೆ ಮೇಲಿನವರೇ. ಮೂರನೆಯವರ ಮೇಲೆ ದೂರು ಹೇಳಿ ಇಳಿಯುವಾಗ ಒಂದು ಮಹಡಿ ಹೆಚ್ಚಾಗಿ ಇಳಿದು, "ನಮ್ಮಿಂದ ನಿಮಗೇನಾದರೂ ತೊಂದರೆಯುಂಟೇ" ಎಂದು ಕೇಳಿ ಬರುವವರನ್ನು ನಾನು ಇನ್ನೂ ಕಂಡಿಲ್ಲ.

ನವರಾತ್ರಿಯಲ್ಲಿ ನಮ್ಮ ಮನೆಗಳಲ್ಲಿ ಘಟ ಹಾಕುತ್ತೇವೆ. ಮಣ್ಣಿನ ಮೇಲೆ ಧಾನ್ಯ ಬಿತ್ತಿ, ನಡುವೆ ನೀರು ತುಂಬಿದ ಮಣ್ಣಿನ ಕೊಡವನ್ನಿಡುತ್ತೇವೆ. ಆ ಕೊಡ ಜಿನುಗುತ್ತದೆ, ಜಿನುಗಬೇಕು. ಅದರ ಒಸರಿನಿಂದಲೇ ಸುತ್ತಲ ಮಣ್ಣು ತೇವಗೊಂಡು ಒಂಬತ್ತು ದಿನಗಳಲ್ಲಿ ಪೈರು ಗೇಣುದ್ದ ಬೆಳೆಯುತ್ತದೆ. ಅಲ್ಲಿ ಕೊಡವನ್ನಿಟ್ಟವರಿಗೆ ಕೆಳಗೇನಿದೆಯೆಂಬುದು ಗೊತ್ತು. ದಿನವೂ ಎರಡು ಹೊತ್ತು ಬಗ್ಗಿ ನೋಡುತ್ತಾರೆ. ಆ ತಾಯಿ ಹೋದ ನವರಾತ್ರಿಯಲ್ಲಿ ಗೂಡನ್ನು ಮತ್ತೆ ಹಳೆಯ ಗೋಡೆಗೆ ಸರಿಸಿ ಅಲ್ಲಿಯೇ ಘಟ ಹಾಕಿದರು. ಮೇಲಿನವರು ವಿಜಯದಶಮಿಯಂದು ಆಪಟೆಯ ಎಲೆಯನ್ನು ತಂದು ಕೊಟ್ಟರು, ಇವರು ಬನ್ನಿ ಕೊಟ್ಟರು. ಹಾಡುಗಳಲ್ಲಿ ನೆನಪಿದ್ದ ಹನ್ನೊಂದನ್ನು ಹೊಸ ವಹಿಯಲ್ಲಿ ಬರೆದಿದ್ದಾರೆ. ಉಳಿದವುಗಳ ಮೊದಲ ಸಾಲು ಮಾತ್ರ ನೆನಪಿದೆಯಂತೆ. ಗದಗಿನ ಕಡೆಯ ಹಳೆಯ ನವರಾತ್ರಿ ಹಾಡುಗಳನ್ನು ಬಲ್ಲವರು ನಮ್ಮ ಸಂಘದಲ್ಲಿದ್ದರೆ ಅವರಿಗೆ ಹೇಳಿ ಬರೆಸಬಹುದು.

ಮಳೆ ಹಿಂದೆಗೆಯುತ್ತಿದೆ. ನೆನೆದ ಗೋಡೆಗೆ ದಸರೆಯ ಸಡಗರದಲ್ಲಿ ಬಣ್ಣ ಬಳಿಸುವವರುಂಟು. ಅದು ವ್ಯರ್ಥ, ಒಳಗಿನ ತೇವ ಅದನ್ನು ಸಂಕ್ರಾಂತಿಯೊಳಗೆ ಉದುರಿಸುತ್ತದೆ. ಮೊದಲು ಮೂಲವನ್ನು ಮುಚ್ಚಿ, ಕೆಟ್ಟ ಗಿಲಾಯಿಯನ್ನು ಕೆತ್ತಿ ತೆಗೆದು, ಗೋಡೆಯನ್ನು ಒಂದೆರಡು ತಿಂಗಳು ಹಾಗೆಯೇ ಆರಲು ಬಿಡಬೇಕು. ಕಾರ್ತಿಕದಿಂದ ಮಾಘದ ವರೆಗಿನ ಒಣಹವೆ ಇದಕ್ಕೆ ತಕ್ಕ ಕಾಲ. ತಾರಸಿಯ ಬ್ರಿಕ್‌ಬ್ಯಾಟ್ ಕೋಬಾದ ದುರಸ್ತಿಯನ್ನೂ ಆಗಲೇ ಮಾಡಿಸತಕ್ಕದ್ದು. ಹೋಳಿಯಾದೊಡನೆ ಕೂಲರುಗಳು ಮತ್ತೆ ಕಿಟಕಿಗಳಿಗೆ ಏರುತ್ತವೆ. ಅಷ್ಟರೊಳಗೆ ಬಾಲ್ಕನಿಯ ನೀರು ಹೊರಹೋಗುವ ಕೊಳವೆಗೆ ಒಂದು ಉದ್ದನೆಯ ಕಡ್ಡಿ ಹಾಕಿ, ಕೆಳಗಿನ ಮನೆಯವರನ್ನು ಅವರ ಬಾಲ್ಕನಿಯಲ್ಲಿ ನಿಲ್ಲಿಸಿ, ಎರಡು ಬಕೆಟ್ಟು ನೀರು ಸುರಿದು ನೋಡಬಹುದು.